ಒಂದ್ ಕೈ ಹಿಡ್ಕೊಂಡಿರತ್ತೆ, ಇನ್ನೊಂದ್ ಕೈ ಹೊಡೀಬೇಕು

ಬಾಕ್ಸಿಂಗ್ ಮಾಡಿದವರಿಗೆ ಕ್ಲಿಂಚ್ ಅಂದ್ರೆ ರೆಸ್ಟು. ಸುಸ್ತಾಯ್ತಾ, ಎದುರಿನವನನ್ನ ತಬ್ಕೊ, ರೆಫರಿ ಬಂದು ಬಿಡಿಸ್ತಾನೆ, ಅಷ್ಟರಲ್ಲಿ ಎರಡು ಉಸಿರು ಎಳ್ಕೊ. ನಾನು ಬೆಂಗಳೂರಲ್ಲಿ ಕೆಲ್ಸಕ್ಕೆ ಸೇರಿದ ಹೊಸದರಲ್ಲಿ ಬಾಕ್ಸಿಂಗ್ ಹಿಡಿದು ಕೆಲವು ವರ್ಷ ಅದನ್ನೇ ಮಾಡ್ಕೊಂಡಿದ್ದವನು, ಹಂಗಾಗಿ ಎಂಎಂಎ, ಅಂದ್ರೆ ಹೊಡೆತ ಕುಸ್ತಿ ಎರಡೂ ಸೇರಿದ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ ಕ್ಲಾಸಿಗೆ ಹೋದಾಗ ನಂಗೆ ಬೇಕಿದ್ದಿದ್ದು ಕಿಕ್ಕು, ಎದುರಿನವನನ್ನ ನೆಲಕ್ಕೆ ಕೆಡವೋ ಟೇಕ್‌ಡೌನು, ನೆಲದ ಮೇಲಿನ ಜಿಯು ಜಿತ್ಸು ಅಷ್ಟೇ. ಇವೆಲ್ಲದರ ಮಧ್ಯ ಇನ್ನೊಂದು ಜಾಗ ಇದೆ, ಅಲ್ಲಿ ಇಬ್ರೂ ನಿಂತೇ ಇರ್ತಾರೆ, ಒಬ್ರನ್ನೊಬ್ರು ಹಿಡ್ಕೊಂಡೂ ಇರ್ತಾರೆ, ಹೊಡೀತಾನೂ ಇರ್ತಾರೆ, ಇಲ್ಲಿ ಕ್ಲಿಂಚ್ ಅನ್ನೋದು ಅದಕ್ಕೇ, ಆ ಜಾಗಕ್ಕೆ ಅಂತಾನೇ ವಾರಕ್ಕೆ ಎರಡು ದಿನ ಬೇರೆ ಕ್ಲಾಸ್ ಇಟ್ಟು ಡ್ರಿಲ್ ಮಾಡಿಸ್ತಾರೆ ಅನ್ನೋದೇ ಗೊತ್ತಿರ್ಲಿಲ್ಲ. ಕಳೆದ ಒಂದು ವರ್ಷದಲ್ಲಿ ನಾನು ಸುರಿಸಿದ ಬೆವರಲ್ಲಿ ಮುಕ್ಕಾಲು ಪಾಲು ಆ ಕ್ಲಾಸಿನ ಮ್ಯಾಟ್ ಮೇಲೇ ಬಿದ್ದಿದೆ. ಫ್ರೆಂಡ್ಸೆಲ್ಲ ಪಂಚ್ ಬಗ್ಗೆ ಕೇಳ್ತಾರೆ, ಕಿಕ್ ಬಗ್ಗೆ ಕೇಳ್ತಾರೆ, ಇದರ ಬಗ್ಗೆ ಒಬ್ರೂ ಕೇಳಲ್ಲ, ಅದಕ್ಕೆ ಬರೀತಿದೀನಿ.

ನಮ್ಮ ಕೋಚ್ ಥಾಯ್ಲೆಂಡಲ್ಲಿ ಒಂದಷ್ಟು ಕಾಲ ಇದ್ದು ಮುಯ್ ಥಾಯ್, ಅಂದ್ರೆ ಅಲ್ಲಿನ ಥಾಯ್ ಬಾಕ್ಸಿಂಗ್, ಕಲ್ತು ಬಂದವರು. ಅಲ್ಲಿನ ಕ್ಯಾಂಪ್‌ಗಳಲ್ಲಿ ಪ್ಯಾಡ್ ಹೊಡಿಯೋ ಪ್ರಾಕ್ಟೀಸ್ ಮುಗಿದ ಮೇಲೆ ಗ್ಲೌಸ್ ಬಿಚ್ಚಿ ಅರ್ಧ ಗಂಟೆ, ಕೆಲವು ಸಲ ಅದಕ್ಕಿಂತ ಜಾಸ್ತಿ, ಬರೀ ಕ್ಲಿಂಚ್ ಆಡ್ತಾರಂತೆ, ಸಣ್ಣ ಹುಡುಗರಿಂದ ಹಿಡಿದು ಸ್ಟೇಡಿಯಂ ಫೈಟರ್‌ವರೆಗೂ. ಬ್ಯಾಂಕಾಕಿನ ರಾಜದಮ್ನೆರ್ನ್, ಲುಂಪಿನಿ ಸ್ಟೇಡಿಯಂಗಳ ಹಳೇ ಸಂಪ್ರದಾಯದ ಫೈಟ್‌ಗಳಲ್ಲಿ ಪಂಚಿಗಿಂತ ಕಿಕ್ಕಿಗೆ, ಮೊಣಕಾಲಿಗೆ ಜಡ್ಜುಗಳು ಜಾಸ್ತಿ ಬೆಲೆ ಕೊಡ್ತಾರೆ, ಕ್ಲಿಂಚಲ್ಲಿ ಇಬ್ರೂ ಏನಾದ್ರೂ ಕೆಲಸ ಮಾಡ್ತಿದ್ರೆ ರೆಫರಿ ಬಿಡಿಸೋಕೆ ಹೋಗಲ್ಲ, ಹಂಗಾಗಿ ಅಲ್ಲಿ ಇದೇ ಒಂದು ದೊಡ್ಡ ವಿದ್ಯೆ ಆಗ್ಬಿಟ್ಟಿದೆ. ಡೀಸೆಲ್‌ನೋಯ್ ಅಂತ ಒಬ್ಬ ಫೈಟರ್ ಇದ್ದ, ಆರಡಿಗಿಂತ ಎತ್ತರ, 1982ರಲ್ಲಿ ಸಮಾರ್ಟ್‌ನಂಥ ಚಾಣಾಕ್ಷನನ್ನೇ ಕತ್ತು ಹಿಡಿದು ಮೊಣಕಾಲಲ್ಲೇ ಸೋಲಿಸಿದವನು, ಆಮೇಲೆ ಅವನ ಎದುರಿಗೆ ನಿಲ್ಲಿಸೋಕೆ ಆಳೇ ಸಿಗದಂಗಾಯ್ತು. ಕೋಚಿಗೆ ಅವನ ಬಗ್ಗೆ ಮಾತಾಡೋಕೆ ಶುರು ಮಾಡಿದ್ರೆ ವಾರ್ಮಪ್ ಟೈಮೇ ಮುಗಿದು ಹೋಗತ್ತೆ, ನಾವೂ ಬೇಕಂತ್ಲೇ ಆ ಹೆಸರು ತೆಗೀತೀವಿ.

ಮೊದಲನೇ ದಿನದಿಂದ ಇವತ್ತಿನವರೆಗೂ ಪ್ರತಿ ಕ್ಲಾಸ್ ಶುರುವಾಗೋದು ಪಮ್ಮಲಿಂಗ್ ಇಂದ. ಇಬ್ರೂ ಎದೆಗೆ ಎದೆ ಕೊಟ್ಟು ನಿಲ್ಬೇಕು. ನನ್ನ ಬಲಗೈ ಅವನ ಎಡ ಕಂಕುಳ ಕೆಳಗಿಂದ ಹೋಗಿ ಬೆನ್ನಿಗೆ ಅಂಟ್ಕೊಂಡಿರತ್ತೆ, ಅದು ಅಂಡರ್‌ಹುಕ್. ಎಡಗೈ ಅವನ ಬಲಗೈ ಮೇಲಿಂದ ಸುತ್ಕೊಂಡಿರತ್ತೆ, ಅದು ಓವರ್‌ಹುಕ್. ಅವನಿಗೂ ಹಂಗೇ, ಒಂದು ಮೇಲೆ ಒಂದು ಕೆಳಗೆ. ಈಗ ಮೇಲಿರೋ ಕೈಯನ್ನ ಇಬ್ಬರ ಎದೆ ಮಧ್ಯದ ಸಂದಿಯಿಂದ ತೂರಿಸಿ ಕೆಳಗೆ ತಗೋಬೇಕು, ಅದೇ ಹೊತ್ತಿಗೆ ಅವನು ಇನ್ನೊಂದು ಕಡೆಯಿಂದ ತೂರಿಸ್ತಾನೆ, ಹಿಂಗೆ ಆಕಡೆ ಈಕಡೆ ಮೂರು ನಿಮಿಷ. ನೋಡೋರಿಗೆ ಇಬ್ರೂ ಡ್ಯಾನ್ಸ್ ಪ್ರಾಕ್ಟೀಸ್ ಮಾಡ್ತಿದಾರೆ ಅನ್ಸತ್ತೆ. ಮಾಡೋರಿಗೆ ಎರಡನೇ ನಿಮಿಷಕ್ಕೆ ಭುಜ ಉರಿಯೋಕೆ ಶುರುವಾಗತ್ತೆ, ಯಾಕಂದ್ರೆ ಬಾಕ್ಸಿಂಗಲ್ಲಿ ಕೈ ಎತ್ತಿ ಇಟ್ಕೊಳ್ಳೋ ಭುಜ ಬೇರೆ, ಇನ್ನೊಬ್ಬನ ಕಂಕುಳಲ್ಲಿ ಜಾಗ ಮಾಡ್ಕೊಂಡು ಅವನ ತೂಕ ಎತ್ತಿ ಹಿಡಿಯೋ ಭುಜ ಬೇರೆ. ಮೊಣಕೈ ಪಕ್ಕೆ ಬಿಟ್ಟು ಆಚೆ ಹೋಯ್ತೋ ಆ ಗ್ಯಾಪಲ್ಲಿ ಅವನ ಕೈ ಬಂತು ಅಂತಾನೇ ಅರ್ಥ. ಹೆಬ್ಬೆರಳು ಮೇಲಕ್ಕೆ, ಸೊಂಟ ಒಳಕ್ಕೆ, ಹಣೆ ಅವನ ದವಡೆ ಪಕ್ಕಕ್ಕೆ. ತಲೆಯನ್ನ ಅವನ ಹೆಗಲ ಮೇಲೆ ದಿಂಬು ಮಾಡ್ಕೊಂಡು ಒರಗಿದ್ರೆ ಕೋಚ್ ಹಿಂದಿನಿಂದ ಬಂದು ಕಾಲರ್ ಹಿಡಿದು ಎಬ್ಬಿಸ್ತಾರೆ.

ಇಲ್ಲಿ ನನ್ನ ಪಾರ್ಟ್‌ನರ್ ಬಗ್ಗೆ ಹೇಳ್ಬೇಕು. ಮೈಸೂರು ಕಡೆ ಹುಡುಗ, ನನಗಿಂತ ಸಣ್ಣವನು, ಗರಡಿಯಲ್ಲಿ ಮಟ್ಟಿ ಮೇಲೆ ಕುಸ್ತಿ ಆಡ್ಕೊಂಡು ಬೆಳೆದವನು, ದಸರಾ ಕುಸ್ತಿಯಲ್ಲೂ ಜೋಡಿ ಆಡಿದ್ದಾನೆ. ಜಿಮ್ಮಲ್ಲಿ ಎಲ್ರೂ ಪೈಲ್ವಾನ ಅಂತಾನೇ ಕರೀತಾರೆ. ಕತ್ತು ಅನ್ನೋದು ಒಂದು ಅವನಿಗೆ ಬೇರೆಯಾಗಿ ಇಲ್ಲ, ಕಿವಿ ಕೆಳಗಿಂದ ನೇರ ಹೆಗಲೇ ಶುರುವಾಗತ್ತೆ. ನಂಗೆ ಹೊಡಿಯೋದು ಗೊತ್ತು, ಹಿಡಿಯೋದು ಗೊತ್ತಿಲ್ಲ. ಅವನಿಗೆ ಹಿಡಿಯೋದು ಗೊತ್ತು, ಕುಸ್ತಿಯಲ್ಲಿ ಹೊಡಿಯೋದು ಇಲ್ವೇ ಇಲ್ಲ, ಹಂಗಾಗಿ ಮುಖದ ಮೇಲೆ ಕೈ ಬಂದ್ರೆ ಕಣ್ಣು ಮುಚ್ಕೊತಿದ್ದ. ಕೋಚ್ ನಮ್ಮಿಬ್ಬರನ್ನ ಜೋಡಿ ಮಾಡಿದ್ದು ಲೆಕ್ಕ ಹಾಕಿನೇ ಅಂತ ಈಗ ಅನ್ಸತ್ತೆ, ಆಗ ಮಾತ್ರ ನಂಗೆ ಯಾಕೆ ಈ ಕಾಟ ಅನ್ನಿಸ್ತಿತ್ತು, ಯಾಕಂದ್ರೆ ಪಮ್ಮಲಿಂಗ್ ಆಡ್ತಾ ಆಡ್ತಾ ಯಾವಾಗ ಅವನ ಎರಡೂ ಕೈ ನನ್ನ ಬೆನ್ನ ಹಿಂದೆ ಲಾಕ್ ಆಗ್ತಿತ್ತೋ ಗೊತ್ತೇ ಆಗ್ತಿರ್ಲಿಲ್ಲ, ಆಮೇಲೆ ಕಾಲು ನೆಲ ಬಿಡ್ತಿತ್ತು. "ಅಣ್ಣ, ಪೆಟ್ಟಾಯ್ತಾ?" ಅಂತ ಮೇಲಿಂದ ಕೇಳೋನು.

ಕೆಲವು ವಾರ ಆದ್ಮೇಲೆ ಕತ್ತಿನ ಹಿಡಿತಕ್ಕೆ ಬಂದ್ವಿ. ಥಾಯ್ ಪ್ಲಮ್ ಅಂತಾರೆ, ಎರಡೂ ಕೈಯಲ್ಲಿ ತಲೆ ಹಿಡಿಯೋದು. ಹೊಸಬರು ಎಲ್ರೂ ಕತ್ತಿನ ಬುಡದಲ್ಲಿ ಹಿಡೀತಾರೆ, ಬೆರಳು ಬೆರಳು ಹೆಣೀತಾರೆ, ರಟ್ಟೆ ಬಲ ಹಾಕಿ ಕೆಳಗೆ ಜಗ್ಗತಾರೆ. ಅಲ್ಲಿ ಬುಡದಲ್ಲಿ ಜಗ್ಗಿದ್ರೆ ಏನೂ ಬಗ್ಗಲ್ಲ, ಪೈಲ್ವಾನನ ಥರದವನಾದ್ರಂತೂ ಸುಮ್ನೆ ನಗ್ತಾ ನಿಂತಿರ್ತಾನೆ. ಹಿಡಿಬೇಕಾಗಿರೋದು ಮೇಲೆ, ತಲೆಯ ಹಿಂಭಾಗ ಉಬ್ಬಿರತ್ತಲ್ಲ ಅಲ್ಲಿ, ಅಂಗೈ ಮೇಲೆ ಅಂಗೈ ಇಟ್ಟು, ಬೆರಳು ಹೆಣೆಯದೆ. ಹೆಣೆದ ಬೆರಳು ಬಿದ್ದಾಗ ಮುರಿಯತ್ತೆ, ಗ್ಲೌಸಲ್ಲಿ ಹೆಣೆಯೋಕೂ ಆಗಲ್ಲ. ಎರಡೂ ಮೊಣಕೈ ಅವನ ಕೊರಳೆಲುಬಿನ ಮೇಲೆ ಕೂರ್ಬೇಕು, ಒಂದಕ್ಕೊಂದು ಹತ್ರ, ಮಧ್ಯ ಅವನ ಕೈ ತೂರಿಸೋಕೆ ಜಾಗ ಇಲ್ಲದಂಗೆ. ಆಮೇಲೆ ಜಗ್ಗೋದಲ್ಲ, ನೇತಾಕ್ಕೊಳ್ಳೋದು. "ಎಳಿಬೇಡ ಗುರು, ನೇತಾಕ್ಕೊ, ನಿನ್ ತೂಕ ಅವ್ನು ಹೊರಲಿ" ಅಂತ ಕೋಚ್ ಎಷ್ಟು ಸಲ ಹೇಳಿದಾರೋ. ಸರಿಯಾಗಿ ನೇತಾಕ್ಕೊಂಡವನು ನಿಮ್ಮ ಕತ್ತಿಗೆ ಬಿದ್ರೆ ಒದ್ದೆ ಜಮಖಾನ ಹೆಗಲ ಮೇಲೆ ಹಾಕ್ದಂಗೆ ಇರತ್ತೆ, ಬಲ ಪ್ರಯೋಗ ಏನೂ ಕಾಣಲ್ಲ, ಆದ್ರೆ ಒಂದು ನಿಮಿಷದಲ್ಲಿ ಬೆನ್ನು ತಾನೇ ಬಗ್ಗತ್ತೆ.

ಬೆನ್ನು ಬಗ್ಗಿತು ಅಂದ್ರೆ ಮುಗೀತು. ಮುಖ ಕೆಳಗೆ, ಮೊಣಕಾಲು ಮೇಲೆ ಬರೋ ದಾರಿಗೇ. ಕೋಚ್ ಫೋನಲ್ಲಿ ಎಂಎಂಎ ಫೈಟರ್‌ಗಳಾದ ಆಂಡರ್ಸನ್ ಸಿಲ್ವಾ, ರಿಚ್ ಫ್ರಾಂಕ್ಲಿನ್ ಫೈಟ್ ಹಾಕಿ ತೋರಿಸಿದ್ರು, 2006ರ ಅಕ್ಟೋಬರ್, ಲಾಸ್ ವೇಗಸ್‌ದು. ಫ್ರಾಂಕ್ಲಿನ್ ಆಗ ಚಾಂಪಿಯನ್, ಬಲದಲ್ಲಿ ಕಮ್ಮಿ ಏನಲ್ಲ, ಆದ್ರೂ ಒಂದು ಸಲ ಪ್ಲಮ್ ಬಿದ್ಮೇಲೆ ಬಿಡಿಸ್ಕೊಳ್ಳೋಕೆ ಆಗ್ಲೇ ಇಲ್ಲ, ಪಕ್ಕೆಗೆ ಮೊಣಕಾಲು, ಪಕ್ಕೆ ಮುಚ್ಚೋಕೆ ಕೈ ಕೆಳಗೆ ಬಂತು, ಮುಖಕ್ಕೆ ಮೊಣಕಾಲು, ಮೂಗು ಮುರೀತು, ಮೊದಲನೇ ರೌಂಡಲ್ಲೇ ಮುಗೀತು. ಮುಂದಿನ ವರ್ಷ ಮತ್ತೆ ಆಡಿದ್ರು, ಆಗಲೂ ಕ್ಲಿಂಚಲ್ಲೇ ಹೋಯ್ತು. ಎಲ್ರೂ ಮೊಣಕಾಲು ನೋಡ್ತಿದ್ರು. ಕೋಚ್ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಸಿಲ್ವಾನ ಮೊಣಕೈ ತೋರಿಸ್ತಿದ್ರು, ಎಷ್ಟು ಹತ್ರ ಮುಚ್ಚಿದಾನೆ ನೋಡು, ಎಷ್ಟು ಸಲ ತಿರುಗಿಸ್ತಿದಾನೆ ನೋಡು, ಫ್ರಾಂಕ್ಲಿನ್ ಕಾಲು ಸೆಟ್ ಆಗೋಕೆ ಬಿಡ್ತಾನೇ ಇಲ್ಲ ಅಂತ.

ಬಿಡಿಸ್ಕೊಳ್ಳೋದರ ಡ್ರಿಲ್ ಬೇರೆ ಇದೆ. ಕತ್ತು ನೆಟ್ಟಗೆ ಮಾಡು, ಮೇಲೆ ಸೀಲಿಂಗ್ ನೋಡು, ಸೊಂಟ ಅವನಿಗೆ ಅಂಟಿಸು. ಎಲ್ರಿಗೂ ಹಿಂದೆ ಹೋಗ್ಬೇಕು ಅನ್ಸತ್ತೆ, ಆದ್ರೆ ಸೊಂಟ ಹಿಂದೆ ಹೋದಷ್ಟೂ ಮೊಣಕಾಲಿಗೆ ಓಡಿ ಬರೋಕೆ ಜಾಗ ಜಾಸ್ತಿ, ಅದಕ್ಕೆ ಭಯ ಆದಾಗ ಒಳಗೆ ಹೋಗ್ಬೇಕು, ಇದನ್ನ ಮೈಗೆ ಕಲಿಸೋದೇ ಒಂದು ದೊಡ್ಡ ಕೆಲ್ಸ. ಆಮೇಲೆ ಒಂದು ಕೈಯನ್ನ ಅವನ ಮೊಣಕೈಗಳ ಮಧ್ಯ ಕೆಳಗಿಂದ ಮೇಲಕ್ಕೆ ಈಜಿಸಿ ಒಳಗೆ ತಗೊಳ್ಳೋದು, ಹಿಂದೆಯೇ ಇನ್ನೊಂದು ಕೈ. ಆಗ ಒಳಗಿನ ಹಿಡಿತ ನಮ್ಮದಾಯ್ತು. ಇಲ್ಲ ಅಂದ್ರೆ ಅವನ ದವಡೆಗೆ ಅಂಗೈ ಕೊಟ್ಟು ಮುಖ ತಿರುಗಿಸೋದು, ಮುಖ ತಿರುಗಿದ ಕಡೆಗೆ ಮೈ ತಿರುಗತ್ತೆ, ಹಿಡಿತ ಸಡಿಲ ಆಗತ್ತೆ. ಮೂರು ನಿಮಿಷದ ರೌಂಡಲ್ಲಿ ಹಿಡಿ, ಬಿಡಿಸ್ಕೊ, ಹಿಡಿ, ಬಿಡಿಸ್ಕೊ. ಮೊಣಕಾಲಿನ ತುದಿ ಹೊಡಿಯಂಗಿಲ್ಲ, ತೊಡೆ ಒಳಭಾಗ ಪಾರ್ಟ್‌ನರ್ ಪಕ್ಕೆಗೆ ಚಪ್ ಅಂತ ತಾಗಬೇಕು ಅಷ್ಟೇ, ಸದ್ದು ಬಂದ್ರೆ ಪಾಯಿಂಟು. ನಿಜವಾಗಿ ಹೊಡಿಯೋ ಆಸೆ ಇದ್ರೆ ಕೋಚ್ ಬೆಲ್ಲಿ ಪ್ಯಾಡ್ ಹಾಕ್ಕೊಂಡು ನಿಲ್ತಾರೆ, ಅಲ್ಲಿ ತೀರಿಸ್ಕೊಬಹುದು.

ಮೊದಲ ಕೆಲವು ವಾರ ಬೆಳಿಗ್ಗೆ ಎದ್ರೆ ಕತ್ತು ತಿರುಗ್ತಿರ್ಲಿಲ್ಲ. ಔಟರ್ ರಿಂಗ್ ರೋಡಲ್ಲಿ ಬೈಕ್ ಓಡಿಸ್ತಾ ಬಲಗಡೆ ಲೇನಿಗೆ ಹೋಗ್ಬೇಕು ಅಂದ್ರೆ ಇಡೀ ಮೈ ತಿರುಗಿಸಿ ನೋಡ್ತಿದ್ದೆ, ಆಮೇಲೆ ಎರಡು ದಿನ ಮೆಟ್ರೋ ಹಿಡಿದೆ. ಕತ್ತಿನ ಎರಡೂ ಕಡೆ ಕೆಂಪಗೆ ಗೀರು ಬೇರೆ. ಊರಿಂದ ಬಂದಿದ್ದ ಅಮ್ಮ ಎರಡು ದಿನ ಏನೂ ಕೇಳದೆ ನೋಡಿದ್ಲು, ಮೂರನೇ ದಿನ ಕಾಫಿ ಕೊಡ್ತಾ "ಯಾರೋ ಅವ್ಳು?" ಅಂದ್ಲು. ಪೈಲ್ವಾನನ ಫೋಟೋ ತೋರಿಸಿದೆ. ನಂಬಲಿಲ್ಲ, ಆಮೇಲೆ ನಂಬಿದ್ಮೇಲೆ ಇನ್ನೂ ಬೇಜಾರಾದ್ಲು. ಪೈಲ್ವಾನ ನಂಗೆ ಕತ್ತಿನ ವ್ಯಾಯಾಮ ಹೇಳ್ಕೊಟ್ಟ, ಗರಡಿಯಲ್ಲಿ ಮಾಡೋದೇ, ನೆತ್ತಿ ನೆಲಕ್ಕೆ ಕೊಟ್ಟು ಸೇತುವೆ ಹಾಕೋದು, ಆದ್ರೆ ನನ್ನಂಥ ಕಂಪ್ಯೂಟರ್ ಮುಂದೆ ಕೂರೋ ಕತ್ತಿಗೆ ಅದನ್ನ ಮೊದಲೇ ಮಾಡಿಸ್ಬಾರ್ದು ಅಂತ ಕೋಚ್ ತಡೆದ್ರು, ಮೊದಲು ಬ್ಯಾಂಡ್ ಹಾಕಿ ನಾಲ್ಕೂ ಕಡೆ ಒತ್ತೋದು, ಮಲಗಿ ತಲೆ ಎತ್ತೋದು, ಇಷ್ಟೇ. ಅದನ್ನ ಬಿಡದೆ ಮಾಡಿದ್ದಕ್ಕೆ ಎರಡು ಮೂರು ತಿಂಗಳಿಗೆ ಕತ್ತು ನೋವು ಹೋಯ್ತು. ಕ್ಲಿಂಚ್ ಕ್ಲಾಸಿಗೆ ಸೇರೋರು ಯಾರಾದ್ರೂ ಇದ್ರೆ ಶಾರ್ಟ್ಸು ಗ್ಲೌಸು ತಗೊಳ್ಳೋದಕ್ಕಿಂತ ಮುಂಚೆ ಇದನ್ನ ಶುರು ಮಾಡಿ. ಉಗುರು ಕತ್ತರಿಸ್ಕೊಂಡು ಬನ್ನಿ, ಮುಗಿದ ತಕ್ಷಣ ಸೋಪ್ ಹಾಕಿ ಸ್ನಾನ ಮಾಡಿ, ಮಾಡ್ಲಿಲ್ಲ ಅಂದ್ರೆ ಹುಳುಕಡ್ಡಿ ಗ್ಯಾರಂಟಿ, ಒಬ್ಬನಿಗೆ ಬಂದ್ರೆ ಬ್ಯಾಚಿಗೇ ಬರತ್ತೆ.

ಇಲ್ಲೀತನಕ ಹೇಳಿದ್ದು ಬರೀ ಹಿಡಿಯೋದು. ಅಸಲಿ ತಲೆನೋವು ಶುರುವಾಗಿದ್ದು ಹಿಡಿಯೋದನ್ನೂ ಹೊಡಿಯೋದನ್ನೂ ಸೇರಿಸಿದಾಗ. ಇರೋದು ಎರಡೇ ಕೈ. ಹೊಡೀಬೇಕು ಅಂದ್ರೆ ಒಂದು ಕೈ ಬಿಡ್ಬೇಕು. ಬಿಟ್ಟ ಕೈ ಇದ್ದ ಜಾಗ ಖಾಲಿ ಆಗತ್ತೆ, ಆ ಖಾಲಿ ಜಾಗಕ್ಕೆ ಎದುರಿನವನ ಕೈ ಬರತ್ತೆ. ನಾನು ಒಳ್ಳೇ ಅಪ್ಪರ್‌ಕಟ್, ಅಂದ್ರೆ ಕೆಳಗಿಂದ ಮೇಲಕ್ಕೆ ಹೋಗೋ ಪಂಚ್, ಹೊಡೀತಿದ್ದೆ, ಸರಿಯಾಗೇ ತಾಗ್ತಿತ್ತು, ಆದ್ರೆ ಅದು ತಾಗೋ ಹೊತ್ತಿಗೆ ಪೈಲ್ವಾನ ಬಿಟ್ಟ ಕಡೆಯಿಂದ ಅಂಡರ್‌ಹುಕ್ ತಗೊಂಡು ಹಿಂದೆ ಬಂದಿರ್ತಿದ್ದ. ಅವನದ್ದು ಉಲ್ಟಾ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡು ಏನೂ ಮಾಡದೆ ನಿಲ್ತಿದ್ದ, ಅಷ್ಟರಲ್ಲಿ ನಾನು ಪಕ್ಕೆಗೆ ಸಣ್ಣ ಸಣ್ಣದು ಐದಾರು ಹಾಕಿರ್ತಿದ್ದೆ. ಇಬ್ಬರೂ ತಾವೇ ಗೆದ್ದಿದ್ದು ಅಂತ ಹೇಳ್ಕೊತಿದ್ವಿ.

ಇದಕ್ಕೆ ಕೋಚ್ ಮಾಡಿಸಿದ ಆಟ ನಂಗೆ ತುಂಬ ಇಷ್ಟ ಆಗಿದ್ದು. ಮೊದಲು ಒಬ್ಬ ಬರೀ ಹಿಡೀಬೇಕು, ಇನ್ನೊಬ್ಬ ಬರೀ ಹೊಡೀಬೇಕು, ಎರಡು ನಿಮಿಷ ಆದ್ಮೇಲೆ ಅದಲು ಬದಲು. ಆಮೇಲೆ ರೂಲ್ ಸ್ವಲ್ಪ ಬದಲಾಯ್ತು, ಹೊಡಿಯೋನು ಒಂದು ಕೈ ಯಾವಾಗಲೂ ಪಾರ್ಟ್‌ನರ್ ಮೈ ಮೇಲೆ ಇಟ್ಟಿರ್ಬೇಕು, ಕತ್ತೋ ರಟ್ಟೆಯೋ ಮಣಿಕಟ್ಟೋ, ಯಾವುದಾದ್ರೂ ಸರಿ, ಆ ಕೈ ಎತ್ತಿದ್ರೆ ಹೊಡೆತ ಲೆಕ್ಕಕ್ಕಿಲ್ಲ. ಆಮೇಲೆ ಇನ್ನೊಂದು ರೂಲು, ಹೊಡೆದ ಕೈ ಮುಖದ ಹತ್ರ ವಾಪಸ್ ಬರಂಗಿಲ್ಲ, ಹೊಡೆದಿದ್ದೇ ಮುಂದೆ ಏನಾದ್ರೂ ಹಿಡೀಬೇಕು. ಬಾಕ್ಸಿಂಗಲ್ಲಿ ವರ್ಷಗಟ್ಟಲೆ ಹೇಳ್ಕೊಟ್ಟಿದ್ದು ಹೊಡೆದ ಕೈ ಗದ್ದಕ್ಕೆ ತಾ ಅಂತ. ಇಲ್ಲಿ ಹುಕ್, ಅಂದ್ರೆ ಪಕ್ಕದಿಂದ ಬರೋ ಪಂಚ್, ಹೊಡೆದ ಕೈ ಹಂಗೇ ಕತ್ತಿನ ಹಿಂದಕ್ಕೆ ಹೋಗಿ ಕಾಲರ್ ಟೈ ಆಗ್ಬೇಕು, ಅಪ್ಪರ್‌ಕಟ್ ಹೊಡೆದ ಕೈ ಹಂಗೇ ಕಂಕುಳಿಗೆ ತೂರಿ ಅಂಡರ್‌ಹುಕ್ ಆಗ್ಬೇಕು. ಈ ಒಂದು ರೂಲಿನ ಮೇಲೆ ನಾವು ಒಂದು ತಿಂಗಳು ಇದ್ವಿ ಅನ್ಸತ್ತೆ. ಆ ತಿಂಗಳು ಮುಗಿಯೋ ಹೊತ್ತಿಗೆ ಕೈ ಬಿಡೋದು ಅನ್ನೋದೇ ಬೇರೆ ಥರ ಕಾಣೋಕೆ ಶುರುವಾಯ್ತು, ಬಿಟ್ಟ ಕೈ ಹೊಡೆತ ಅಲ್ಲ, ಒಂದು ಹಿಡಿತದಿಂದ ಇನ್ನೊಂದು ಹಿಡಿತಕ್ಕೆ ಹೋಗ್ತಿರೋ ಕೈ, ದಾರಿಯಲ್ಲಿ ದವಡೆ ಸಿಕ್ತು, ತಾಗಿಸ್ಕೊಂಡು ಹೋಯ್ತು.

ಯಾವಾಗ ಬಿಡ್ಬಹುದು ಅನ್ನೋದೇ ಮೇನ್. ನನ್ನ ಅನುಭವದಲ್ಲಿ ಅವನ ಎರಡೂ ಕೈ ಬ್ಯುಸಿ ಇದ್ದಾಗ ಬಿಡ್ಬಹುದು. ಅವನು ನನ್ನ ಕತ್ತು ಜಗ್ಗೋಕೆ ಎರಡೂ ಕೈ ಹಾಕಿದಾನೆ, ಅಂದ್ರೆ ಅವನ ಪಕ್ಕೆ ಕಾಯೋರು ಯಾರೂ ಇಲ್ಲ. ಇಲ್ಲಾಂದ್ರೆ ನಾನು ಅವನನ್ನ ಪಕ್ಕಕ್ಕೆ ಎಳೆದು ತಿರುಗಿಸಿದೀನಿ, ಅವನು ಬೀಳದಂಗೆ ಕಾಲು ಹುಡುಕ್ತಿದಾನೆ, ಆ ಅರ್ಧ ಸೆಕೆಂಡಲ್ಲಿ ಅವನಿಗೆ ನನ್ನ ಕೈ ಕಡೆ ಗಮನ ಇರಲ್ಲ. ಸುಮ್ನೆ ಇಬ್ರೂ ಸಮವಾಗಿ ನಿಂತಿರೋವಾಗ ಬಿಟ್ರೆ ಮಾತ್ರ ದುಡ್ಡು ಕೊಟ್ಟು ಪೆಟ್ಟು ತಗೊಂಡಂಗೆ. ಪೈಲ್ವಾನ ಇದನ್ನ ನನಗಿಂತ ಬೇಗ ಹಿಡಿದ, ಯಾಕಂದ್ರೆ ಬ್ಯಾಲೆನ್ಸ್ ಯಾವಾಗ ಹೋಗತ್ತೆ ಅನ್ನೋದು ಅವನಿಗೆ ಅಂಗೈಯಲ್ಲೇ ಗೊತ್ತಾಗತ್ತೆ, ಹೊಡಿಯೋಕೆ ಕಲಿಯೋದು ಮಾತ್ರ ಬಾಕಿ ಇತ್ತು, ಅದನ್ನ ಕಲ್ತ ಮೇಲೆ ನನ್ನ ಕಷ್ಟ ದುಪ್ಪಟ್ಟಾಯ್ತು.

ಅಮೆರಿಕದ ರ‍್ಯಾಂಡಿ ಕುಟೂರ್ ಅನ್ನೋ ಎಂಎಂಎ ಫೈಟರ್ ಕಥೆಯೂ ಇದೇ. ಗ್ರೀಕೋ ರೋಮನ್ ಕುಸ್ತಿಯಿಂದ ಬಂದವನು, ಆ ಕುಸ್ತಿಯಲ್ಲಿ ಸೊಂಟದ ಕೆಳಗೆ ಹಿಡಿಯಂಗೇ ಇಲ್ಲ, ಹಂಗಾಗಿ ಮೇಲಿನ ಹಿಡಿತದಲ್ಲಿ ಪಕ್ಕಾ. 1997ರಲ್ಲಿ ವಿಟೋರ್ ಬೆಲ್ಫೋರ್ಟ್ ಅನ್ನೋ ಮಿಂಚಿನ ಕೈ ಹುಡುಗನನ್ನ ದೂರ ನಿಂತು ಹೊಡಿಯೋಕೆ ಬಿಡದೆ ಹತ್ರ ಹೋಗಿ ಕತ್ತು ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಸಣ್ಣ ಸಣ್ಣ ಪಂಚ್ ಹಾಕಿ ಹಾಕಿ ಮುಗಿಸಿದ. ಡರ್ಟಿ ಬಾಕ್ಸಿಂಗ್ ಅಂತಾರೆ ಇದಕ್ಕೆ. ಬಾಕ್ಸರ್ ಮೊಹಮ್ಮದ್ ಅಲಿ ಕೂಡ 1974ರಲ್ಲಿ ಕಿನ್ಶಾಸಾದಲ್ಲಿ ಫೋರ್‌ಮನ್ ಮೇಲೆ ಹಗ್ಗಕ್ಕೆ ಒರಗಿ ನಿಂತು ಗೆದ್ದ ಅಂತ ಎಲ್ರೂ ಹೇಳ್ತಾರೆ, ಆ ಫೈಟ್ ಮತ್ತೆ ನೋಡಿ, ಪ್ರತಿ ಸಲ ಫೋರ್‌ಮನ್ ಹತ್ರ ಬಂದಾಗ ಅಲಿ ಅವನ ಕತ್ತಿನ ಹಿಂದೆ ಕೈ ಹಾಕಿ ತೂಕ ಬಿಡ್ತಾನೆ. ಅಷ್ಟು ದೊಡ್ಡ ಆಳಿನ ಕತ್ತಿಗೆ ರೌಂಡ್ ಮೇಲೆ ರೌಂಡ್ ಇನ್ನೊಂದು ದೊಡ್ಡ ಆಳು ನೇತಾಡಿದ್ರೆ ಎಂಟನೇ ರೌಂಡಿಗೆ ಏನು ಉಳಿದಿರತ್ತೆ.

ಪೈಲ್ವಾನ ಒಂದಿನ ಹೇಳಿದ, ಅಣ್ಣ ನೀವು ಇದನ್ನೆಲ್ಲ ಅಮೆರಿಕ ಥಾಯ್ಲೆಂಡ್ ಅಂತೀರ, ನಮ್ಮಲ್ಲಿ ವಜ್ರಮುಷ್ಟಿ ಇಲ್ವಾ ಅಂತ. ಹೌದಲ್ಲ ಅನ್ನಿಸ್ತು. ಮೈಸೂರಲ್ಲಿ ವಿಜಯದಶಮಿ ದಿನ ಜಂಬೂ ಸವಾರಿಗೆ ಮುಂಚೆ ಅರಮನೆ ಒಳಗೆ ತಲೆ ಬೋಳಿಸ್ಕೊಂಡ ಜಟ್ಟಿಗಳು ಆಡ್ತಾರಲ್ಲ, ಒಂದು ಕೈಯಲ್ಲಿ ಮುಷ್ಟಿ ಆಯುಧ, ಇನ್ನೊಂದು ಕೈ ಹಿಡಿಯೋಕೆ. ಈಗ ಅದು ಶಾಸ್ತ್ರ, ತಲೆಯಿಂದ ರಕ್ತ ಕಂಡ ತಕ್ಷಣ ನಿಲ್ಲಿಸ್ತಾರೆ, ಎಷ್ಟೋ ಸಲ ಕಣ್ಣು ಮಿಟುಕಿಸೋದ್ರಲ್ಲಿ ಮುಗಿದಿರತ್ತೆ. ಆದ್ರೆ ಹಿಂದಿನ ಕಾಲದಲ್ಲಿ ಅದಕ್ಕೆ ತಯಾರಾಗ್ತಿದ್ದವರು ಹಿಡಿಯೋ ಕೈ ಹೊಡಿಯೋ ಕೈ ಎರಡನ್ನೂ ಒಟ್ಟಿಗೆ ಹೆಂಗೆ ಸಾಧನೆ ಮಾಡ್ತಿದ್ರು ಅಂತ ನೋಡೋಕೆ ಸಿಕ್ಕಿದ್ರೆ ನಾನು ಒಂದು ತಿಂಗಳ ಸಂಬಳ ಕೊಟ್ಟು ನೋಡ್ತಿದ್ದೆ.

ಗೋಡೆ ಡ್ರಿಲ್ ಬಗ್ಗೆ ಜಾಸ್ತಿ ಹೇಳಲ್ಲ, ಯಾಕಂದ್ರೆ ಅದು ಬರೀ ಹಿಂಸೆ. ಎಂಎಂಎಯಲ್ಲಿ ಸುತ್ತಲೂ ಕೇಜ್ ಇರತ್ತಲ್ಲ, ಅದರ ಬದಲಿಗೆ ಜಿಮ್ಮಲ್ಲಿ ಪ್ಯಾಡ್ ಹಾಕಿದ ಗೋಡೆ. ಒಬ್ಬನ ಬೆನ್ನು ಗೋಡೆಗೆ, ಇನ್ನೊಬ್ಬ ಅವನ ಗದ್ದದ ಕೆಳಗೆ ತಲೆ ಒತ್ತಿ, ಒಂದು ಅಂಡರ್‌ಹುಕ್ ತಗೊಂಡು, ಕಾಲು ಮಧ್ಯ ಮೊಣಕಾಲು ಇಟ್ಟು ಅಲ್ಲೇ ಅಂಟಿಸ್ಬೇಕು. ಗೋಡೆಗೆ ಒರಗಿದವನು ತಿರುಗಿ ಇವನನ್ನ ಗೋಡೆಗೆ ಹಾಕಿದ್ರೆ ಅವನು ಗೆದ್ದ. ಎರಡು ನಿಮಿಷ. ಮಧ್ಯ ಮಧ್ಯ ತೊಡೆಗೆ ಮೊಣಕಾಲು, ಪಕ್ಕೆಗೆ ಸಣ್ಣ ಪಂಚು, ಪಾದ ತುಳಿಯೋದು, ಇವು ಯಾವುದೂ ಟಿವಿಯಲ್ಲಿ ಕಾಣಲ್ಲ, ಜನ ಬೂ ಅಂತಾರೆ, ಏನೂ ಆಗ್ತಿಲ್ಲ ಅಂತಾರೆ. ಒಳಗಿರೋನಿಗೆ ಗೊತ್ತು ಏನು ಆಗ್ತಿದೆ ಅಂತ. ಗೋಡೆಗೆ ಒರಗಿದವನಿಗೆ ಉಸಿರು ಬಿಡೋಕೆ ಜಾಗ ಇರಲ್ಲ, ಒತ್ತೋನಿಗೆ ಕಾಲು ನಡುಗತ್ತೆ, ಆದ್ರೂ ಒತ್ತೋದೇ ಸ್ವಲ್ಪ ಮೇಲು. ಒಂದೇ ಒಂದು ಉಪಯೋಗದ ಮಾತು ಹೇಳ್ತೀನಿ, ಗೋಡೆಗೆ ಬಿದ್ದ ತಕ್ಷಣ ಕಾಲು ಅಗಲ ಮಾಡಿ ಮೊದಲು ಒಂದು ಅಂಡರ್‌ಹುಕ್ ತಗೊಳ್ಳಿ, ಹೊಡಿಯೋದು ಆಮೇಲೆ ನೋಡ್ಕೊಳಿ.

ಒಬ್ಬನೇ ಮಾಡೋದೂ ಇದೆ. ಹೆವಿ ಬ್ಯಾಗಿಗೆ ಹಣೆ ಕೊಟ್ಟು, ತೂಕ ಪೂರ್ತಿ ಬ್ಯಾಗ್ ಮೇಲೆ ಬಿಟ್ಟು, ಸೊಂಟದಿಂದ ತಿರುಗಿ ಒಂದು ಗೇಣು ದೂರದಿಂದ ಹೊಡೀಬೇಕು. ಕೈ ಹಿಂದೆ ತಗೊಂಡ್ರೆ ಲೆಕ್ಕಕ್ಕಿಲ್ಲ. ಸದ್ದು ದೊಡ್ಡದಾಗಿ ಬರಲ್ಲ, ಬ್ಯಾಗ್ ಒಳಗೆ ಧುಮ್ ಅಂತ ಏನೋ ಕೂತಂಗಾಗತ್ತೆ, ಅದು ಸರಿ ಹೊಡೆತ. ಹಣೆ ಬ್ಯಾಗಿಗೆ ಅಂಟಿರೋದ್ರಿಂದ ಏನೂ ಕಾಣಲ್ಲ, ಕಣ್ಣಿಗಿಂತ ಮೈಯಲ್ಲೇ ಎದುರಿನವನು ಎಲ್ಲಿದಾನೆ ಅಂತ ತಿಳ್ಕೊಳ್ಳೋಕೆ ಇದು ಒಳ್ಳೇದು. ಭಾನುವಾರ ಬೆಳಿಗ್ಗೆ ಜಿಮ್ ಖಾಲಿ ಇರೋವಾಗ ನಾನು ಬರೀ ಇದನ್ನೇ ಮಾಡ್ತೀನಿ.

ಒಳಗೆ ಹೋಗೋದು, ಹೊರಗೆ ಬರೋದು, ಇವೆರಡಕ್ಕೂ ಬೇರೆ ಡ್ರಿಲ್. ಜ್ಯಾಬ್, ಕ್ರಾಸ್ ಅನ್ನೋ ನೇರ ಪಂಚ್‌ಗಳ ಹಿಂದೆ ಅಡಗಿ ಹೋಗ್ಬೇಕು, ಖಾಲಿ ಕೈ ಚಾಚ್ಕೊಂಡು ಹೋದ್ರೆ ಅಪ್ಪರ್‌ಕಟ್ ಕಾದಿರತ್ತೆ. ಹೊರಗೆ ಬರೋದು ಇನ್ನೂ ಅಪಾಯ, ಇಬ್ಬರೂ ಬಿಟ್ಟು ಬಿಚ್ಕೊಳ್ಳೋ ಆ ಕ್ಷಣದಲ್ಲೇ ಜಾಸ್ತಿ ಜನ ಪೆಟ್ಟು ತಿನ್ನೋದು, ಮೈ ಸಡಿಲ ಆಗಿರತ್ತೆ, ಕೈ ಕೆಳಗಿರತ್ತೆ, ಮುಗೀತು ಅನ್ನಿಸಿರತ್ತೆ. ಅದಕ್ಕೆ ಕೋಚ್ ರೂಲು, ಹೊರಗೆ ಬರೋವಾಗ ಒಂದು ಕೈ ಅವನ ಮುಖದ ಮೇಲೋ ಹೆಗಲ ಮೇಲೋ ತಳ್ತಾ ಇರ್ಬೇಕು, ನೇರ ಹಿಂದಕ್ಕೆ ಬರಂಗಿಲ್ಲ, ಪಕ್ಕಕ್ಕೆ. ಮರೆತು ನೇರ ಹಿಂದೆ ಬಂದವರಿಗೆಲ್ಲ ಕೋಚ್ ಫೋಕಸ್ ಮಿಟ್ಟಲ್ಲಿ ತಲೆ ಮೇಲೆ ಒಂದು ಪಟ್ ಅಂತ ಕೊಡ್ತಾರೆ, ನೋವಾಗಲ್ಲ, ಮರ್ಯಾದೆ ಹೋಗತ್ತೆ.

ಮೊನ್ನೆ ಇನ್ನೊಂದು ಜಿಮ್ಮಿನ ಹುಡುಗರು ಸ್ಪಾರಿಂಗಿಗೆ, ಅಂದ್ರೆ ಪ್ರಾಕ್ಟೀಸ್ ಫೈಟಿಗೆ, ಬಂದಿದ್ರು. ನಂಗೆ ಸಿಕ್ಕಿದವನು ಉದ್ದ, ಕಿಕ್ ಬಾಕ್ಸಿಂಗ್ ಹುಡುಗ, ದೂರದಲ್ಲಿ ಅವನ ಕಾಲು ದಾಟಿ ಹೋಗೋದೇ ಕಷ್ಟ. ಮೊದಲನೇ ರೌಂಡ್ ಪೂರ್ತಿ ತೊಡೆ ಮೇಲೆ ತಿಂದೆ. ಎರಡನೇದರಲ್ಲಿ ಅವನ ಕಿಕ್ ಮುಗಿದು ಕಾಲು ಕೆಳಗೆ ಬರೋ ಹೊತ್ತಿಗೆ ಒಳಗೆ ಹೋಗಿ ಕತ್ತಿಗೆ ಎಡಗೈ ಹಾಕ್ದೆ. ಅವನ ಮೈ ಗಟ್ಟಿ ಆಗಿದ್ದು ಅಂಗೈಗೆ ಗೊತ್ತಾಯ್ತು, ಎರಡೂ ಕೈಯಲ್ಲಿ ನನ್ನ ಎಡಗೈ ಹಿಡ್ಕೊಂಡ ತೆಗೆಯೋಕೆ. ಎರಡೂ ಕೈ. ಬಲಗೈ ಅಪ್ಪರ್‌ಕಟ್ ಮೆಲ್ಲಗೇ ಹಾಕಿದ್ದು, ಸ್ಪಾರಿಂಗ್ ತಾನೇ, ಆಮೇಲೆ ಅದೇ ಕೈ ಕಂಕುಳಿಗೆ ಹೋಯ್ತು, ತಿರುಗಿಸಿದೆ, ತೊಡೆ ಪಕ್ಕೆಗೆ ಚಪ್ ಅಂತು. ಅವನು ಗೋಡೆ ಕಡೆ ನೋಡ್ತಿದ್ದ, ಟೈಮರ್ ಎಷ್ಟಿದೆ ಅಂತ. ಆ ನೋಟ ನಂಗೆ ಚೆನ್ನಾಗಿ ಗೊತ್ತು, ಪೈಲ್ವಾನನ ಕೈಯಲ್ಲಿ ಸಿಕ್ಕಿದ್ದಾಗ ನಾನೂ ದಿನಾ ಅದೇ ಟೈಮರ್ ನೋಡ್ತಿದ್ದೆ. ಮೂರನೇ ರೌಂಡಲ್ಲಿ ಅವನು ಹುಷಾರಾದ, ನನ್ನ ಹತ್ರ ಬರೋಕೆ ಬಿಡ್ಲಿಲ್ಲ, ಮತ್ತೆ ತೊಡೆ ಮೇಲೆ ತಿಂದೆ.

ಮುಂದಿನ ತಿಂಗಳಿಂದ ಮೊಣಕೈ ಹೊಡೆತ ಸೇರಿಸ್ತಾರಂತೆ. ಹನ್ನೆರಡರಿಂದ ಆರಕ್ಕೆ ಅಂತಾರಲ್ಲ, ಗಡಿಯಾರದ ಮುಳ್ಳಿನ ದಿಕ್ಕಲ್ಲಿ ಮೇಲಿಂದ ನೇರ ಕೆಳಗೆ ಬೀಳೋ ಮೊಣಕೈ, ಎಂಎಂಎ ರೂಲ್ಸಲ್ಲಿ ಅದು ಬ್ಯಾನ್ ಇತ್ತು, 2009ರಲ್ಲಿ ಜಾನ್ ಜೋನ್ಸ್ ಅದನ್ನ ಹೊಡೆದೇ ಗೆಲ್ತಿದ್ದ ಫೈಟಲ್ಲಿ ಡಿಸ್‌ಕ್ವಾಲಿಫೈ ಆದ, 2024ರ ನವೆಂಬರಲ್ಲಿ ಆ ಬ್ಯಾನ್ ತೆಗೆದ್ರು. ಅಂದ್ರೆ ಗೋಡೆಗೆ ಒತ್ತಿ ತಲೆ ತಗ್ಗಿಸಿ ಕಾಲು ಹಿಡಿಯೋಕೆ ಹೋದವನ ಮೇಲೆ ಮೇಲಿಂದ ಈಗ ಇನ್ನೊಂದು ಬರಬಹುದು, ಕುಸ್ತಿ ಹುಡುಗರಿಗೇ ಇದರಿಂದ ಜಾಸ್ತಿ ತೊಂದರೆ. ಪೈಲ್ವಾನನಿಗೆ ಇದು ಹೇಳಿದಾಗ ಮುಖ ಸಪ್ಪಗಾಯ್ತು. ಆಮೇಲೆ ಸಂಜೆಗೆ ಎಲ್ಬೋ ಪ್ಯಾಡ್ ಎರಡು ಜೊತೆ ಆರ್ಡರ್ ಮಾಡಿ ನನ್ನ ಪಾಲಿನ ದುಡ್ಡಿಗೆ ಯುಪಿಐ ರಿಕ್ವೆಸ್ಟ್ ಕಳಿಸಿದಾನೆ.